ಮೊದಲು ಅರ್ಜಿ, ಆಮೇಲೆ ಜ್ಞಾನಸ್ನಾನ

2025ರ ಆಗಸ್ಟಿನಲ್ಲಿ, ಉತ್ತರ ಕನ್ನಡದ ಜಿಲ್ಲಾಕೇಂದ್ರ ಕಾರವಾರದಲ್ಲಿ, ಮತಾಂತರದ ಸರ್ಕಾರಿ ದಾಖಲೆಯ ದೃಢೀಕೃತ ಪ್ರತಿ ಕೈಗೆ ಬಂತು. ಅಲ್ಲಿಗೆ ಹದಿನಾಲ್ಕು ತಿಂಗಳ ಓಡಾಟ ಮುಗಿಯಿತು. ಮುಸ್ಲಿಂ ಮನೆಯಲ್ಲಿ ಹುಟ್ಟಿ ಬೆಳೆದು, ಕ್ರಿಸ್ತನನ್ನು ನಂಬಿ, ಜ್ಞಾನಸ್ನಾನ (ಬಪ್ತಿಸ್ಮಾ) ಬೇಡಿ ಬಂದ ಘಟ್ಟದ ಮೇಲಿನ ಯುವಕನೊಬ್ಬನ ಜೊತೆ ಮೊದಲ ದಿನದಿಂದ ಕೊನೆಯ ಸಹಿಯ ತನಕ ಮೂವರಿದ್ದೆವು: ಧರ್ಮಕೇಂದ್ರದ (ಕ್ಯಾಥೋಲಿಕ ಚರ್ಚಿನ) ಗುರುಗಳು, ಒಬ್ಬ ವಕೀಲೆ, ಧರ್ಮೋಪದೇಶ ಕಲಿಸುವ ನಾನು. ಅವನ ಹೆಸರು, ಊರು, ಕಸುಬು ಇಲ್ಲಿ ಬರುವುದಿಲ್ಲ. ಬರೆಯುತ್ತಿರುವುದು ದಾರಿಯ ಬಗ್ಗೆ. ಇದನ್ನೆಲ್ಲ ಒಂದೇ ಕಡೆ ಕನ್ನಡದಲ್ಲಿ ಬರೆದಿಟ್ಟದ್ದು ಸಿಗದೆ ನಾವು ಎರಡು ಕಡೆ ಎಡವಿದೆವು. ಎರಡು ಸಲವೂ ಪೆಟ್ಟು ತಿಂದದ್ದು ಅವನೇ.

2024ರ ಜೂನ್, ಮಳೆ ಹಿಡಿದಿತ್ತು. ಮೊಬೈಲಿನಲ್ಲಿ ಇಂಜೀಲ್ ಓದಿ, ಲೂಕನ ಶುಭಸಂದೇಶವನ್ನು ಎರಡು ಸಲ ಮುಗಿಸಿ ಬಂದಿದ್ದ. ‘ಫಾದರ್, ನನಗೆ ಬಪ್ತಿಸ್ಮಾ ಬೇಕು, ಈ ತಿಂಗಳೇ ಆಗ್ತದಾ?’ ಎಂದು ಕೇಳಿದ. ‘ಇಲ್ಲಪ್ಪ, ಬರುವ ವರ್ಷ ನೋಡೋಣ’ ಎಂದರು ಗುರುಗಳು. ಮುಖ ಸಪ್ಪಗಾಯಿತು. ತನ್ನನ್ನು ನಂಬುತ್ತಿಲ್ಲ ಅಂದುಕೊಂಡ. ಇಂಥ ಮನಸ್ಸಿನಲ್ಲಿ ಬಂದವರಿಗೆ ವಿಳಂಬ ಎಂದರೆ ತಿರಸ್ಕಾರ ಎಂದೇ ಅನ್ನಿಸುತ್ತದೆ. ಆದ್ದರಿಂದ ಕಾರಣವನ್ನು ಮೊದಲ ದಿನವೇ ಬಿಡಿಸಿ ಹೇಳಬೇಕು. ಕ್ಯಾಥೋಲಿಕ ಸಭೆಯ ಕಾನೂನಿನ 865ನೇ ನಿಯಮದಂತೆ ವಯಸ್ಕನಿಗೆ ಜ್ಞಾನಸ್ನಾನ ಕೊಡಬೇಕಾದರೆ ಅವನು ಸ್ವಂತ ಇಚ್ಛೆಯನ್ನು ತೋರಿಸಿರಬೇಕು, ವಿಶ್ವಾಸದ ಸತ್ಯಗಳನ್ನು ಕಲಿತಿರಬೇಕು, ದೀಕ್ಷಾರ್ಥಿಯಾಗಿ (ಜ್ಞಾನಸ್ನಾನಕ್ಕೆ ತಯಾರಾಗುವವನಾಗಿ) ಕ್ರೈಸ್ತ ಬದುಕನ್ನು ಬಾಳಿ ನೋಡಿರಬೇಕು. 863ನೇ ನಿಯಮದಂತೆ ಹದಿನಾಲ್ಕು ತುಂಬಿದವರ ವಿಷಯವನ್ನು ಧರ್ಮಾಧ್ಯಕ್ಷರಿಗೆ (ಬಿಷಪರಿಗೆ) ತಿಳಿಸಬೇಕು. ಒತ್ತಾಯದಿಂದ ಯಾರನ್ನೂ ವಿಶ್ವಾಸಕ್ಕೆ ತರಬಾರದೆಂದು 748ನೇ ನಿಯಮ ಸ್ಪಷ್ಟವಾಗಿ ಹೇಳುತ್ತದೆ. ಎರಡನೇ ವ್ಯಾಟಿಕನ್ ಮಹಾಸಭೆ ಧರ್ಮಪ್ರಚಾರದ ಕುರಿತು 1965ರಲ್ಲಿ ಹೊರಡಿಸಿದ ಆದೇಶ ಆಮಿಷವನ್ನೂ ಕುಟಿಲ ಉಪಾಯವನ್ನೂ ನಿಷೇಧಿಸಿದೆ. ಕರ್ನಾಟಕ ಸರ್ಕಾರದ ಮತಾಂತರ ಕಾಯ್ದೆಗಿಂತ ಎಷ್ಟೋ ಮೊದಲೇ ಈ ಬೇಲಿ ಸಭೆಯೇ ಹಾಕಿಕೊಂಡದ್ದು.

ಮೊದಲ ಮೂರು ತಿಂಗಳು ಒಂದು ಸರ್ಕಾರಿ ಕಾಗದವನ್ನೂ ಮುಟ್ಟಲಿಲ್ಲ. ಆ ಅವಧಿಯಲ್ಲಿ ತಿಳಿದುಕೊಳ್ಳಬೇಕಾದದ್ದು ಮೂರು ಸಂಗತಿ: ಇದರ ಹಿಂದೆ ಮದುವೆಯ ಮಾತು ಇದೆಯೇ, ಸಾಲವೋ ಕೆಲಸದ ಆಸೆಯೋ ಇದೆಯೇ, ಮನೆಯಲ್ಲಿ ಜಗಳವಾಡಿ ಸಿಟ್ಟಿನಿಂದ ಬಂದದ್ದೇ. ಹುಡುಗಿಯ ವಿಷಯ ಇದ್ದರೆ ಅಲ್ಲಿಗೇ ನಿಲ್ಲಿಸಿ. ಮದುವೆಯಾಗಲು ಯಾರೂ ಧರ್ಮ ಬದಲಿಸಬೇಕಿಲ್ಲ. 1954ರ ವಿಶೇಷ ವಿವಾಹ ಕಾಯ್ದೆ ಇದೆ, ಮೂವತ್ತು ದಿನಗಳ ನೋಟಿಸ್ ಕೊಟ್ಟರೆ ಆಗುತ್ತದೆ. ಚರ್ಚಿನಲ್ಲೇ ಆಗಬೇಕೆಂದರೆ ಧರ್ಮಾಧ್ಯಕ್ಷರ ಅನುಮತಿಯಿಂದ ಭಿನ್ನಧರ್ಮೀಯ ವಿವಾಹಕ್ಕೂ ದಾರಿ ಇದೆ. ಮದುವೆಗಾಗಿ ಕೊಟ್ಟ ಜ್ಞಾನಸ್ನಾನ ಕಾನೂನಿನ ಮುಂದೆಯೂ ನಿಲ್ಲುವುದಿಲ್ಲ, ಮನಸ್ಸಿನಲ್ಲೂ ನಿಲ್ಲುವುದಿಲ್ಲ. ನಮ್ಮ ಹುಡುಗನಿಗೆ ಈ ಮೂರೂ ಇರಲಿಲ್ಲ. ತಂದೆ ತೀರಿಕೊಂಡ ವರ್ಷ ಅವನೊಳಗೆ ಎದ್ದ ಪ್ರಶ್ನೆಗಳಷ್ಟೇ ಇದ್ದವು.

ಆ ಜೂನ್ ತಿಂಗಳಲ್ಲೇ ಇನ್ನೂರು ಪುಟದ ಒಂದು ನೋಟ್‌ಬುಕ್ ತಂದೆವು. ಪ್ರತಿ ಪಾಠದ ತಾರೀಖು, ವಿಷಯ, ಇದ್ದವರ ಹೆಸರು, ಕೊನೆಗೆ ಅವನ ಸಹಿ. ಕೆಳಗೆ ಒಂದು ಸಾಲು, ಅವನದೇ ಅಕ್ಷರದಲ್ಲಿ: ‘ಇಂದು ಸ್ವಂತ ಖರ್ಚಿನಲ್ಲಿ ಬಂದೆ.’ ಬಸ್ ಚಾರ್ಜು ಕೊಡಲು ಮನಸ್ಸು ಎಷ್ಟೋ ಸಲ ಎಳೆಯಿತು, ಕೊಡಲಿಲ್ಲ. ಹಬ್ಬಕ್ಕೆ ಅಂಗಿ ಕೊಡಿಸಲಿಲ್ಲ. ಬೈಬಲನ್ನೂ ಅವನೇ ಕೊಂಡ. ಒಂದು ಲೋಟ ಚಹಾ, ಮನೆಯಲ್ಲಿ ಊಟದ ಹೊತ್ತಾಗಿದ್ದರೆ ಊಟ, ಅಷ್ಟೇ. ಕಠಿಣ ಎನಿಸಬಹುದು. ಹತ್ತು ತಿಂಗಳ ನಂತರ ವಿಚಾರಣೆಗೆ ಬಂದ ಅಧಿಕಾರಿ ಮೊದಲು ಕೇಳಿದ್ದೇ ‘ಏನು ಕೊಟ್ಟರು?’ ಎಂದು. ಆಗ ಆ ನೋಟ್‌ಬುಕ್ ಉತ್ತರ ಕೊಟ್ಟಿತು.

ಪಾಠದ ಬಗ್ಗೆ ಹೇಳಬೇಕಾದದ್ದು ಬಹಳ ಇದೆ, ಏಕೆಂದರೆ ಸಾಮಾನ್ಯ ಧರ್ಮೋಪದೇಶದ ಪುಸ್ತಕ ಇಲ್ಲಿ ಸಾಲುವುದಿಲ್ಲ. ಇಸ್ಲಾಮಿನಿಂದ ಬಂದವರು ಖಾಲಿ ಪಾತ್ರೆಯಾಗಿ ಬರುವುದಿಲ್ಲ. ದೇವರು ಒಬ್ಬನೇ ಎಂಬುದು ಅವರ ರಕ್ತದಲ್ಲಿದೆ. ಇಬ್ರಾಹೀಮ್, ಮೂಸಾ, ದಾವೂದ್, ಯಹ್ಯಾ, ಮರ್ಯಮ್ ಮನೆಮಾತಿನ ಹೆಸರುಗಳು. ಕುರಾನಿನ 19ನೇ ಅಧ್ಯಾಯದ ಹೆಸರೇ ಮರ್ಯಮ್. ಆದ್ದರಿಂದ ಅವರು ತಂದದ್ದನ್ನು ಗೌರವದಿಂದ ಮುಂದಿಟ್ಟುಕೊಂಡು ಅಲ್ಲಿಂದಲೇ ಶುರುಮಾಡಬೇಕು. ಎಡವುವ ಕಡೆ ಮೂರು: ತ್ರಿತ್ವ (ಒಬ್ಬನೇ ದೇವರಲ್ಲಿ ಪಿತ, ಸುತ, ಪವಿತ್ರಾತ್ಮ), ‘ದೇವಪುತ್ರ’ ಎಂಬ ಮಾತು, ಶಿಲುಬೆಯ ಮರಣ. ಕುರಾನಿನ 4ನೇ ಅಧ್ಯಾಯದ 157ನೇ ವಚನ ಶಿಲುಬೆಯ ಮರಣವನ್ನು ಒಪ್ಪುವುದಿಲ್ಲ ಎಂದು ತಿಳಿಯದೆ ಶುಭ ಶುಕ್ರವಾರದ ಪಾಠ ಮಾಡಿದರೆ ಕೇಳುವವನ ಕಷ್ಟ ಕಲಿಸುವವನಿಗೆ ಕಾಣುವುದೇ ಇಲ್ಲ. ‘ಪುತ್ರ’ ಎಂದರೆ ದೇಹಸಂಬಂಧದಿಂದ ಹುಟ್ಟಿದವನೆಂದಲ್ಲ, ಸಭೆ ಹಾಗೆ ಎಂದೂ ಕಲಿಸಿಲ್ಲ ಎಂಬುದನ್ನು ತಿಳಿಸಲು ನಮಗೆ ನಾಲ್ಕು ಭಾನುವಾರ ಬೇಕಾಯಿತು. ತ್ರಿತ್ವದ ಪ್ರಶ್ನೆ ಕೊನೆಯ ವಾರದ ತನಕವೂ ಉಳಿದಿತ್ತು. ಅವನ ಹಳೆಯ ನಂಬಿಕೆಯನ್ನು ಹೀಗಳೆಯುವ ಒಂದು ಮಾತೂ ಪಾಠದ ಕೋಣೆಯಲ್ಲಿ ಬರಕೂಡದು. ಒಂದು ಧರ್ಮವನ್ನು ಕೀಳಾಗಿ ಚಿತ್ರಿಸುವುದನ್ನು ಕರ್ನಾಟಕದ ಕಾಯ್ದೆ ‘ಆಮಿಷ’ದ ವ್ಯಾಖ್ಯಾನದೊಳಗೇ ಸೇರಿಸಿದೆ. ಅದಕ್ಕಿಂತ ಮುಖ್ಯ, ಆ ನಂಬಿಕೆಯಲ್ಲೇ ಅವನ ತಾಯಿ ದಿನಕ್ಕೆ ಐದು ಸಲ ಅವನಿಗಾಗಿ ಪ್ರಾರ್ಥಿಸುತ್ತಾರೆ.

ಭಾಷೆ ಒಂದು ತೊಡಕು. ನಮ್ಮ ಕರಾವಳಿಯ ಚರ್ಚುಗಳಲ್ಲಿ ಕೊಂಕಣಿ ಪೂಜೆಯೇ ಹೆಚ್ಚು. ಭಟ್ಕಳದ ಕಡೆಯ ನವಾಯತಿ ಮಾತಾಡುವವರಿಗೆ ಕೊಂಕಣಿ ಅರ್ಧ ಹತ್ತಿರದ್ದು. ಆದರೆ ಶಿರಸಿ, ಮುಂಡಗೋಡ, ಹಳಿಯಾಳ ಕಡೆಯ ದಖನಿ ಉರ್ದು ಮಾತಾಡುವವರಿಗೆ ಅದು ಹೊಸ ಭಾಷೆ. ಇವನು ಓದಿದ್ದು ಕನ್ನಡ ಶಾಲೆಯಲ್ಲಿ, ಪ್ರಾರ್ಥನೆ ಬರುತ್ತಿದ್ದದ್ದು ಉರ್ದುವಿನಲ್ಲಿ. ಕನ್ನಡ ಬೈಬಲ್ ಇಟ್ಟುಕೊಂಡು ಕಲಿಸಿದೆವು, ಜೊತೆಗೆ ಉರ್ದು ಬೈಬಲಿನ ಪದಗಳನ್ನು ಹೇಳುತ್ತಿದ್ದೆವು. ಬಳ್ಳಾರಿಯ ಜಾನ್ ಹ್ಯಾಂಡ್ಸ್ ಅವರ ದುಡಿಮೆಯಿಂದ ಪೂರ್ತಿ ಕನ್ನಡ ಬೈಬಲ್ ಬಂದದ್ದು 1831ರಲ್ಲಿ. ಅದಕ್ಕೂ ಮೊದಲೇ, 1814ರಲ್ಲಿ, ಹೆನ್ರಿ ಮಾರ್ಟಿನ್ ಅವರ ಉರ್ದು ಹೊಸ ಒಡಂಬಡಿಕೆ ಅಚ್ಚಾಗಿತ್ತು. ಈ ವಿಷಯ ಕೇಳಿ ಅವನಿಗೆ ಆದ ಸಂತೋಷ ದೊಡ್ಡದು. ತನ್ನ ಮನೆಮಾತಿನಲ್ಲಿ ಈ ಪುಸ್ತಕ ಇನ್ನೂರು ವರ್ಷದಿಂದ ಇದೆ, ತಾನು ಯಾರದೋ ಪರದೇಶದ ಮನೆಗೆ ಹೋಗುತ್ತಿಲ್ಲ ಎಂಬ ನೆಮ್ಮದಿ ಅದು.

ಊರಿನ ಚರ್ಚಿಗೆ ಹೋದರೆ ಮರುದಿನವೇ ಸುದ್ದಿ, ಅದಕ್ಕೇ ಪಾಠ ಕರಾವಳಿಯಲ್ಲಿ. ಹದಿನೈದು ದಿನಕ್ಕೊಮ್ಮೆ ದೇವಿಮನೆ ಘಟ್ಟ ಇಳಿದು ಕುಮಟಾ ದಾರಿಯಲ್ಲಿ ಬರುತ್ತಿದ್ದ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ಬಂದ್ ಆಯಿತು, ನಮ್ಮ ಪಾಠವೂ ನಿಂತಿತು. ಯಲ್ಲಾಪುರ ಸುತ್ತಿ ಬರಲು ಹೊರಟವನನ್ನು ನಾವೇ ತಡೆದೆವು. ಈ ಜಿಲ್ಲೆಯಲ್ಲಿ ಯಾವ ಕೆಲಸದ ಲೆಕ್ಕ ಹಾಕುವಾಗಲೂ ಜೂನ್‌ನಿಂದ ಸೆಪ್ಟೆಂಬರ್ ತನಕ ಘಟ್ಟಗಳನ್ನು ನಂಬಬೇಡಿ. ಹಾಜರಾಗಲೇಬೇಕಾದ ತಾರೀಖು ಇದ್ದರೆ ಹಿಂದಿನ ದಿನವೇ ಕಾರವಾರ ಸೇರಿಕೊಳ್ಳಿ.

ಕಾಗದದ ಕೆಲಸ ಶುರುವಾದದ್ದು 2025ರ ಜನವರಿಯಲ್ಲಿ. ಕರ್ನಾಟಕ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಕಾಯ್ದೆ 2022ರ ಮೇ 17ರಿಂದ ಜಾರಿಗೆ ಬಂದಂತೆ ಲೆಕ್ಕ. 2023ರ ಜೂನ್ 15ರಂದು ಸಚಿವ ಸಂಪುಟ ಇದನ್ನು ಹಿಂತೆಗೆದುಕೊಳ್ಳಲು ತೀರ್ಮಾನಿಸಿದ ಸುದ್ದಿ ಎಲ್ಲರೂ ಓದಿದ್ದಾರೆ. ಅದನ್ನೇ ನೆಚ್ಚಿ ‘ಈಗ ಕಾನೂನೇ ಇಲ್ಲವಲ್ಲ’ ಎಂದವರು ನಮಗೆ ಹಲವರು ಸಿಕ್ಕರು. ಸಂಪುಟದ ತೀರ್ಮಾನ ಬೇರೆ, ಶಾಸನಸಭೆಯಲ್ಲಿ ಕಾಯ್ದೆ ರದ್ದಾಗುವುದು ಬೇರೆ. ನಾವು ಅರ್ಜಿ ಹಾಕಿದ್ದು ಕಾಯ್ದೆ ಜಾರಿಯಲ್ಲಿದೆ ಎಂದೇ. ನೀವು ಹೊರಡುವ ದಿನದ ಸ್ಥಿತಿಯನ್ನು ವಕೀಲರಿಂದ ಕೇಳಿ ಖಚಿತಪಡಿಸಿಕೊಳ್ಳಿ.

ಕಾಯ್ದೆ ಹೇಳುವ ಕ್ರಮ ಹೀಗೆ. ಮತಾಂತರವಾಗುವವನು ಕನಿಷ್ಠ ಮೂವತ್ತು ದಿನ ಮೊದಲು ನಮೂನೆ 1ರಲ್ಲಿ ಘೋಷಣೆ ಕೊಡಬೇಕು. ವಾಸವಿರುವ ಜಿಲ್ಲೆಯ ಅಥವಾ ಹುಟ್ಟಿದ ಜಿಲ್ಲೆಯ ಜಿಲ್ಲಾ ದಂಡಾಧಿಕಾರಿಗೆ (ಅಂದರೆ ಜಿಲ್ಲಾಧಿಕಾರಿಗೆ), ಇಲ್ಲವೇ ಅವರು ಇದಕ್ಕೆಂದೇ ಅಧಿಕಾರ ಕೊಟ್ಟ ಅಪರ ಜಿಲ್ಲಾ ದಂಡಾಧಿಕಾರಿಗೆ. ಸಂಸ್ಕಾರ ನಡೆಸುವ ಗುರು ನಮೂನೆ 2ರಲ್ಲಿ ಒಂದು ತಿಂಗಳು ಮೊದಲು ತಿಳಿಸಬೇಕು. ಎರಡೂ ಬೇರೆ ಬೇರೆ ಹೊಣೆ, ಒಂದು ಕೊಟ್ಟರೆ ಇನ್ನೊಂದು ಕೊಟ್ಟಂತಲ್ಲ. ಆಮೇಲೆ ಜಿಲ್ಲಾಧಿಕಾರಿ ಕಚೇರಿಯ ಮತ್ತು ತಹಶೀಲ್ದಾರ್ ಕಚೇರಿಯ ಸೂಚನಾ ಫಲಕದಲ್ಲಿ ಅದು ಅಂಟುತ್ತದೆ, ಆಕ್ಷೇಪಣೆಗೆ ಮೂವತ್ತು ದಿನ. ಆಕ್ಷೇಪಣೆ ಬಂದರೆ ಕಂದಾಯ ಅಥವಾ ಸಮಾಜ ಕಲ್ಯಾಣ ಇಲಾಖೆಯವರಿಂದ ವಿಚಾರಣೆ. ಇದನ್ನು ತಪ್ಪಿಸಿ ಮಾಡಿದ ಮತಾಂತರ ಕಾನೂನಿನ ಕಣ್ಣಿಗೆ ಅನೂರ್ಜಿತ, ಮೇಲೆ ಶಿಕ್ಷೆ.

ಬಲವಂತ, ವಂಚನೆ, ಆಮಿಷ, ಮದುವೆಯ ಭರವಸೆಯಿಂದ ಮತಾಂತರ ಮಾಡಿಸಿದ್ದೆಂದು ತೀರ್ಮಾನವಾದರೆ ಮೂರರಿಂದ ಐದು ವರ್ಷ ಸೆರೆ, ಇಪ್ಪತ್ತೈದು ಸಾವಿರಕ್ಕೆ ಕಡಿಮೆಯಿಲ್ಲದ ದಂಡ. ಅಪ್ರಾಪ್ತರು, ಮಹಿಳೆ, ಪರಿಶಿಷ್ಟ ಜಾತಿ ಅಥವಾ ಪಂಗಡದವರ ವಿಷಯದಲ್ಲಿ ಮೂರರಿಂದ ಹತ್ತು ವರ್ಷ, ದಂಡ ಐವತ್ತು ಸಾವಿರಕ್ಕೆ ಕಡಿಮೆಯಿಲ್ಲ. ‘ಸಾಮೂಹಿಕ’ ಎಂಬ ಪದ ನೋಡಿ ನೂರಾರು ಜನ ಅಂದುಕೊಳ್ಳಬೇಡಿ, ಇಬ್ಬರಿದ್ದರೂ ಈ ಕಾಯ್ದೆಯಲ್ಲಿ ಅದು ಸಾಮೂಹಿಕ, ದಂಡ ಲಕ್ಷಕ್ಕೆ ಕಡಿಮೆಯಿಲ್ಲ. ಗಂಡ ಹೆಂಡತಿ ಒಟ್ಟಿಗೆ ಬಂದಿದ್ದರೆ ಇದನ್ನು ಮೊದಲೇ ವಕೀಲರಲ್ಲಿ ಕೇಳಿಕೊಳ್ಳಿ. ದೂರು ಕೊಡಲು ತಂದೆತಾಯಿ, ಒಡಹುಟ್ಟಿದವರು, ಇತರ ಸಂಬಂಧಿಕರು ಮಾತ್ರವಲ್ಲ, ಜೊತೆಯಲ್ಲಿ ಕೆಲಸ ಮಾಡುವವರಿಗೂ ಅವಕಾಶವಿದೆ. ತಪ್ಪು ನಡೆದಿಲ್ಲ ಎಂದು ತೋರಿಸುವ ಹೊಣೆ ಮಾಡಿಸಿದವರ, ನೆರವಾದವರ ಮೇಲೆ. ಅಂದರೆ ನನ್ನಂತೆ ಪಾಠ ಹೇಳಿದವರ ಮೇಲೂ. ಇದನ್ನು ಓದಿ ಹೆದರಿ ಹಿಂದೆ ಸರಿದ ಜ್ಞಾನತಂದೆಯೊಬ್ಬರಿದ್ದರು (ಜ್ಞಾನಸ್ನಾನದಲ್ಲಿ ಜೊತೆ ನಿಲ್ಲುವವರು). ಅವರ ಮೇಲೆ ಬೇಸರವಿಲ್ಲ. ಹೆದರುವವರನ್ನು ಎಳೆದು ನಿಲ್ಲಿಸಬೇಡಿ, ಬೇರೊಬ್ಬರನ್ನು ಹುಡುಕಿ. ಹದಿನಾರು ತುಂಬಿದ, ದೃಢೀಕರಣ ಸಂಸ್ಕಾರ ಪಡೆದ, ಒಳ್ಳೆಯ ಬಾಳು ಬಾಳುವ ಕ್ಯಾಥೋಲಿಕರು ಯಾರೂ ಆಗಬಹುದು.

‘ಕಾಳಿ ಸೇತುವೆ ದಾಟಿದರೆ ಗೋವಾ, ಅಲ್ಲೇ ಮುಗಿಸಿಕೊಂಡು ಬನ್ನಿ’ ಎಂದು ಸಲಹೆ ಕೊಟ್ಟವರಿದ್ದರು. ಒಪ್ಪಲಿಲ್ಲ. ಅವನ ಮನೆ, ದುಡಿಮೆ, ರೇಷನ್ ಕಾರ್ಡು, ಜಾತಿ ಪ್ರಮಾಣಪತ್ರ ಎಲ್ಲವೂ ಈ ಜಿಲ್ಲೆಯವು. ಕದ್ದು ಮಾಡಿದ್ದು ಎಂಬ ಮಾತು ಒಮ್ಮೆ ಹುಟ್ಟಿದರೆ ಜೀವಮಾನವಿಡೀ ಬೆನ್ನಿಗಿರುತ್ತದೆ.

ಮೊದಲ ಎಡವು ಇಲ್ಲಿ. ಜಿಲ್ಲೆಯಲ್ಲಿ ಕಾರವಾರ, ಕುಮಟಾ, ಭಟ್ಕಳ, ಶಿರಸಿ ಎಂದು ನಾಲ್ಕು ಉಪವಿಭಾಗಗಳಿವೆ. ಹತ್ತಿರವೆಂದು ಒಂದು ಉಪವಿಭಾಗದ ಕಚೇರಿಗೆ ಅರ್ಜಿ ಕೊಟ್ಟೆವು. ಅಲ್ಲಿಯ ಗುಮಾಸ್ತರು ಆ ನಮೂನೆಯನ್ನು ಹಿಂದೆ ನೋಡಿರಲಿಲ್ಲ. ‘ಇದು ಯಾವ ಶಾಖೆಗೆ ಬರ್ತದೆ?’ ಎಂದು ನಮ್ಮನ್ನೇ ಕೇಳಿ ತೆಗೆದಿಟ್ಟುಕೊಂಡರು, ಸ್ವೀಕೃತಿ ಕೊಡಲಿಲ್ಲ. ಹನ್ನೊಂದು ದಿನ ಕಳೆದ ಮೇಲೆ ಅರ್ಜಿ ಎಲ್ಲಿಗೂ ಹೋಗಿಲ್ಲ ಎಂದು ಗೊತ್ತಾಯಿತು. ತಪ್ಪು ನಮ್ಮದೇ, ಕಾಯ್ದೆಯಲ್ಲಿ ಜಿಲ್ಲಾ ದಂಡಾಧಿಕಾರಿ ಎಂದೇ ಇದೆ. ಎರಡನೇ ಸಲ ಫೆಬ್ರವರಿ 10ರಂದು ನೇರ ಕಾರವಾರಕ್ಕೆ. ಟಪಾಲು ವಿಭಾಗದಲ್ಲಿ ಎರಡು ಪ್ರತಿ ಕೊಟ್ಟು, ನಮ್ಮ ಪ್ರತಿಯ ಮೇಲೆ ಮೊಹರು, ತಾರೀಖು, ಆವಕ ಸಂಖ್ಯೆ ಹಾಕಿಸಿಕೊಂಡೆವು. ಮೂವತ್ತು ದಿನದ ಎಣಿಕೆಗೆ ಆ ಮೊಹರೇ ಆಧಾರ. ಅದೇ ದಿನ ನೋಂದಾಯಿತ ಅಂಚೆಯಲ್ಲೂ ಒಂದು ಪ್ರತಿ ಹಾಕಿದೆವು.

ಜೊತೆಗೆ ಕೊಟ್ಟದ್ದು: ಆಧಾರ್ ಪ್ರತಿ, ವಿಳಾಸದ ದಾಖಲೆ, ಹುಟ್ಟಿದ ತಾರೀಖಿಗೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ನಾಲ್ಕು ಫೋಟೋ, ಮತ್ತು ನೂರು ರೂಪಾಯಿಯ ಇ-ಸ್ಟ್ಯಾಂಪ್ ಕಾಗದದ ಮೇಲೆ ನೋಟರಿ ಮಾಡಿಸಿದ ಪ್ರಮಾಣಪತ್ರ (ಅಫಿಡವಿಟ್). ಪ್ರಮಾಣಪತ್ರವನ್ನು ಟೈಪಿಂಗ್ ಅಂಗಡಿಯ ಹಳೆಯ ಮಾದರಿಯಲ್ಲಿ ಮಾಡಿಸಬೇಡಿ. ಅವನು ತನ್ನ ಕೈಯಿಂದ ಕನ್ನಡದಲ್ಲಿ ಬರೆದ ಒಂದೂವರೆ ಪುಟವನ್ನೇ ವಕೀಲೆ ಟೈಪ್ ಮಾಡಿಸಿದರು, ಕೈಬರಹದ ಮೂಲವನ್ನು ಲಗತ್ತಿಸಿದರು. ಯಾವಾಗಿನಿಂದ ಓದುತ್ತಿದ್ದೇನೆ, ಯಾಕೆ ಈ ನಿರ್ಧಾರ, ಯಾರಿಂದಲೂ ಏನೂ ಪಡೆದಿಲ್ಲ, ತಾಯಿಯನ್ನು ನೋಡಿಕೊಳ್ಳುವುದು ಬಿಡುವುದಿಲ್ಲ. ಕೊನೆಯ ವಾಕ್ಯ ಕಾನೂನಿಗೆ ಬೇಕಿರಲಿಲ್ಲ. ವಿಚಾರಣೆಯಲ್ಲಿ ಮನಸ್ಸು ಕರಗಿಸಿದ್ದು ಅದೇ.

ಎರಡನೇ ಎಡವು ದೊಡ್ಡದು, ಈಗಲೂ ಮನಸ್ಸಿಗೆ ಚುಚ್ಚುತ್ತದೆ. ತಪಸ್ಸುಕಾಲ (ಪಾಸ್ಖಕ್ಕೆ ಮೊದಲಿನ ಉಪವಾಸದ ಕಾಲ) ಶುರುವಾಗುವ ಬೂದಿ ಬುಧವಾರ ಮಾರ್ಚ್ 5, ಪಾಸ್ಖ (ಈಸ್ಟರ್) ಏಪ್ರಿಲ್ 20. ಬೂದಿ ಬುಧವಾರದಿಂದ, ಜ್ಞಾನಸ್ನಾನ ಕೊಡಬೇಕೆಂದಿದ್ದ ಪಾಸ್ಖ ಜಾಗರಣೆಗೆ (ಹಿಂದಿನ ರಾತ್ರಿಯ ಪೂಜೆಗೆ) ನಲವತ್ತೈದು ದಿನ, ಅದಕ್ಕೂ ಮೂರು ವಾರ ಮೊದಲೇ ಅರ್ಜಿ ಹಾಕಿದ್ದೇವೆ, ಧಾರಾಳ ಸಮಯವಿದೆ ಎಂದುಕೊಂಡೆವು. ನಮ್ಮ ಕ್ಯಾಲೆಂಡರ್ ನೋಡಿದೆವು, ಹಿಜರಿ ಕ್ಯಾಲೆಂಡರ್ ನೋಡಲಿಲ್ಲ. ರಂಜಾನ್ ಮಾರ್ಚ್ 2ರಿಂದ. ಕಾರವಾರದ ಫಲಕವನ್ನು ಅವನ ಊರಿನವರು ಯಾರೂ ನೋಡುವುದಿಲ್ಲ. ಆದರೆ ಅವನ ತಾಲ್ಲೂಕಿನ ತಹಶೀಲ್ದಾರ್ ಕಚೇರಿಗೆ ಪಹಣಿಗೆ, ಆದಾಯ ಪತ್ರಕ್ಕೆ ದಿನವೂ ಊರೆಲ್ಲ ಬರುತ್ತದೆ. ಮಾರ್ಚ್ ಮೊದಲ ವಾರ ಪರಿಚಿತರೊಬ್ಬರು ಅದನ್ನು ಓದಿದರು. ಅದೇ ಸಂಜೆ ರೋಜಾ ಬಿಡುವ ಹೊತ್ತಿಗೆ, ಮನೆಯವರೆಲ್ಲ ದಸ್ತರ್‌ಖಾನ್ ಸುತ್ತ ಕೂತಿದ್ದಾಗ, ಸುದ್ದಿ ಮನೆ ತಲುಪಿತು.

ಸೂಚನೆ ಅಂಟುವ ಮೊದಲು ಅವನೇ ತಾಯಿಗೆ ಹೇಳಿರಬೇಕಿತ್ತು. ನಾವು ಒತ್ತಾಯಿಸಲಿಲ್ಲ, ಅವನು ಮುಂದೂಡುತ್ತ ಬಂದ. ಬೇರೆಯವರ ಬಾಯಿಂದ ಕೇಳಿದ್ದೇ ಆ ತಾಯಿಗೆ ಹೆಚ್ಚು ನೋವಾಯಿತು. ಈ ಬರಹದಿಂದ ಯಾರಾದರೂ ಒಂದೇ ಒಂದು ಸಂಗತಿ ತೆಗೆದುಕೊಳ್ಳುವುದಾದರೆ ಇದನ್ನು ತೆಗೆದುಕೊಳ್ಳಲಿ: ನಮೂನೆ 1ಕ್ಕೆ ಸಹಿ ಹಾಕುವ ಮೊದಲು ಮನೆಯ ಒಬ್ಬರಿಗಾದರೂ ಅವನ ಬಾಯಿಂದಲೇ ತಿಳಿದಿರಬೇಕು. ಹೇಳಿದರೆ ಪ್ರಾಣಕ್ಕೆ ಅಪಾಯ ಎಂಬ ಪರಿಸ್ಥಿತಿ ಇದ್ದರೆ ಮಾತ್ರ ಬೇರೆ ಮಾತು. ಆಗ ಕಾಗದಕ್ಕಿಂತ ಮೊದಲು ಸುರಕ್ಷತೆ. ತುರ್ತಿಗೆ 112, ಮಹಿಳೆಯರಿಗೆ 181, ಉಚಿತ ಕಾನೂನು ನೆರವಿಗೆ 15100. 1987ರ ಕಾನೂನು ಸೇವೆಗಳ ಕಾಯ್ದೆಯಂತೆ ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರು ಸಿಗುತ್ತಾರೆ.

ಅವನ ಮೇಲೆ ಯಾರೂ ಕೈ ಮಾಡಲಿಲ್ಲ. ಅಣ್ಣ ಮಾತು ಬಿಟ್ಟ. ದುಡಿಯುತ್ತಿದ್ದದ್ದು ಸಂಬಂಧಿಕರ ಬಳಿ, ಆ ಕೆಲಸ ಹೋಯಿತು. ಮಾರ್ಚ್ 9ರಂದು, ತಪಸ್ಸುಕಾಲದ ಮೊದಲ ಭಾನುವಾರ, ಧರ್ಮಾಧ್ಯಕ್ಷರ ಮುಂದೆ ಆಯ್ಕೆಯ ವಿಧಿಯಲ್ಲಿ, ಜ್ಞಾನಸ್ನಾನಕ್ಕೆ ಆಯ್ಕೆಯಾದವರ ಸಾಲಿನಲ್ಲಿ, ಹೆಸರು ಬರೆದ. ಅದೇ ವಾರ ಸಂಬಂಧಿಕರೊಬ್ಬರ ಆಕ್ಷೇಪಣೆ ದಾಖಲಾಯಿತು. ಆ ತಿಂಗಳಿಡೀ ರಂಜಾನೂ ತಪಸ್ಸುಕಾಲವೂ ಜೊತೆಯಾಗಿ ನಡೆದವು. ‘ನಾನು ರೋಜಾ ಬಿಡಬೇಕಾ?’ ಎಂದು ಕೇಳಿದ. ಉಪವಾಸ ಮಾಡು, ಯೇಸುವೂ ನಲವತ್ತು ದಿನ ಮಾಡಿದ್ದರು, ಸಂಜೆ ತಾಯಿಯ ಜೊತೆ ಕೂತು ಖರ್ಜೂರ ತಿನ್ನು ಎಂದರು ಗುರುಗಳು. ತಾಯಿ ದಿನವೂ ತಟ್ಟೆ ಇಟ್ಟರು, ಮಾತಾಡಲಿಲ್ಲ.

ವಿಚಾರಣೆಗೆ ಕಂದಾಯ ಇಲಾಖೆಯವರು ಬಂದದ್ದು ಏಪ್ರಿಲ್‌ನಲ್ಲಿ. ಅವನೊಬ್ಬನನ್ನೇ ಕೂರಿಸಿ ಒಂದು ಗಂಟೆ ಕೇಳಿದರು, ಆಮೇಲೆ ಗುರುಗಳನ್ನು, ನನ್ನನ್ನು ಬೇರೆ ಬೇರೆಯಾಗಿ. ಹಣ, ಕೆಲಸ, ಹುಡುಗಿ, ಹೆದರಿಕೆ, ಈ ನಾಲ್ಕರ ಸುತ್ತಲೇ ಪ್ರಶ್ನೆ. ಬೈಬಲಿನ ಪರೀಕ್ಷೆ ಇರಲಿಲ್ಲ. ಉತ್ತರ ಬಾಯಿಪಾಠ ಮಾಡಿಸಬೇಡಿ. ಮೂವರೂ ಒಂದೇ ವಾಕ್ಯ ಹೇಳಿದರೆ ಅದೇ ಅನುಮಾನಕ್ಕೆ ಕಾರಣವಾಗುತ್ತದೆ. ಅವನ ಬ್ಯಾಂಕ್ ಪಾಸ್‌ಬುಕ್ ಕೇಳಿದರು, ಕೊಟ್ಟ. ಅದರಲ್ಲಿ ಚರ್ಚಿನಿಂದಾಗಲೀ ನಮ್ಮಿಂದಾಗಲೀ ಒಂದು ರೂಪಾಯಿ ಬಂದಿರಲಿಲ್ಲ. ಯುಪಿಐ ಕಾಲದಲ್ಲಿ ಇದು ದೊಡ್ಡ ವಿಷಯ. ಚಹಾದ ನೂರು ರೂಪಾಯಿ ಫೋನಿನಲ್ಲಿ ಕಳಿಸಿದ್ದರೂ ಅದಕ್ಕೆ ವಿವರಣೆ ಕೊಡಬೇಕಾಗುತ್ತಿತ್ತು.

ವರದಿ ಹೋಗುವ ಹೊತ್ತಿಗೆ ಪಾಸ್ಖ ಕಳೆದಿತ್ತು. ಏಪ್ರಿಲ್ 19ರ ರಾತ್ರಿ, ಹೊಸ ಬೆಂಕಿ ಹಚ್ಚಿ, ದೊಡ್ಡ ಮೋಂಬತ್ತಿ ಹಿಡಿದು ಎಲ್ಲರೂ ಒಳಗೆ ಬಂದಾಗ ಅವನು ಕೊನೆಯ ಬೆಂಚಿನಲ್ಲಿ ಕೂತಿದ್ದ. ಜ್ಞಾನಸ್ನಾನದ ನೀರನ್ನು ಆಶೀರ್ವದಿಸಿದರು. ಆ ನೀರು ಅವನಿಗೆ ಎಂದು ಒಂದು ವರ್ಷದಿಂದ ಹೇಳಿದ್ದೆವು. ಎದ್ದು ಹೊರಗೆ ಹೋದ, ಸ್ವಲ್ಪ ಹೊತ್ತಿಗೆ ಮುಖ ತೊಳೆದು ಒಳಗೆ ಬಂದು ಕೂತ. ಆ ರಾತ್ರಿ ಸುಮ್ಮನೆ ನೀರು ಹಾಕಿಬಿಡೋಣ ಅನ್ನಿಸಿತ್ತು. ಹಾಕಿದ್ದರೆ ವಿಚಾರಣೆ ನಡೆಯುತ್ತಿರುವಾಗಲೇ ಕಾಯ್ದೆ ಮೀರಿದಂತಾಗಿ, ಶಿಕ್ಷೆ ಅವನಿಗೂ ಬರುತ್ತಿತ್ತು. ಪ್ರಾಣಾಪಾಯದಲ್ಲಿದ್ದರೆ ಯಾರೂ ಯಾವಾಗಲೂ ಜ್ಞಾನಸ್ನಾನ ಕೊಡಬಹುದು. ಉಳಿದಂತೆ ಕಾಯಬಹುದು, ಪಾಸ್ಖ ತಪ್ಪಿದರೆ ಬೇರೆ ಭಾನುವಾರವೂ ಸಭೆಗೆ ಒಪ್ಪಿಗೆಯೇ.

ಮೇ ಮೊದಲ ವಾರ ಆಕ್ಷೇಪಣೆ ಮುಕ್ತಾಯವಾಯಿತು. ನಮೂನೆ 2ರಲ್ಲಿ ಬರೆದಿದ್ದ ತಾರೀಖು ಹೋಗಿದ್ದರಿಂದ ವಕೀಲೆ ಹೊಸದಾಗಿ ಕೊಡಿಸಿದರು, ಮತ್ತೆ ಒಂದು ತಿಂಗಳ ಎಣಿಕೆ. ಪೆಂತೆಕೋಸ್ತ್ ಹಬ್ಬದ ಹಿಂದಿನ ಸಂಜೆ ಎಂದು ಯೋಚಿಸಿದೆವು. ಈ ಸಲ ಹಿಜರಿ ಕ್ಯಾಲೆಂಡರ್ ಬಿಡಿಸಿ ನೋಡಿದರೆ ಅದು ಜೂನ್ 7, ಬಕ್ರೀದ್. ಆ ದಿನ ಬೇಡವೇ ಬೇಡ ಎಂದ ಅವನು. ಒಂದು ವಾರ ಮುಂದೆ ಹಾಕಿ ಜೂನ್ 15, ತ್ರಿತ್ವದ ಭಾನುವಾರ. ಅವನು ಅತಿ ಹೆಚ್ಚು ದಿನ ತಲೆ ಕೆಡಿಸಿಕೊಂಡ ಪ್ರಶ್ನೆಯ ಹಬ್ಬದಂದೇ ಪಿತ, ಸುತ, ಪವಿತ್ರಾತ್ಮನ ಹೆಸರಲ್ಲಿ ಮೂರು ಸಲ ನೀರು ಬಿತ್ತು. ಹೊರಗೆ ಜಡಿಮಳೆ. ಜ್ಞಾನಸ್ನಾನ, ದೃಢೀಕರಣ, ಪರಮಪ್ರಸಾದ ಮೂರೂ ಒಂದೇ ಪೂಜೆಯಲ್ಲಿ. ಇದ್ದವರು ಹದಿನೇಳು ಜನ. ಫೋಟೋ ತೆಗೆಯಲಿಲ್ಲ, ಮೊಬೈಲುಗಳು ಬಾಗಿಲ ಬಳಿ ಬುಟ್ಟಿಯಲ್ಲಿದ್ದವು. ವಾಟ್ಸಾಪಿಗೆ ಹೋದ ಒಂದು ಫೋಟೋ ಒಂದು ಮನೆಯನ್ನು ಕೆಡಿಸಬಲ್ಲದು. ಚರ್ಚಿನ ವಾರದ ಪ್ರಕಟಣೆಯಲ್ಲೂ ಹೆಸರು ಹಾಕಬೇಡಿ.

ಸ್ನಾನ ಆದಮೇಲೆ ಕಾಗದ ಮುಗಿಯಿತು ಅಂದುಕೊಳ್ಳುವವರೇ ಹೆಚ್ಚು. ಮೂವತ್ತು ದಿನದೊಳಗೆ ನಮೂನೆ 3 ಕೊಡಬೇಕು. ಹುಟ್ಟಿದ ತಾರೀಖು, ಕಾಯಂ ವಿಳಾಸ, ಈಗಿನ ವಾಸ, ತಂದೆ ಅಥವಾ ಗಂಡನ ಹೆಸರು, ಹಿಂದಿನ ಧರ್ಮ, ಈಗಿನ ಧರ್ಮ, ಸಂಸ್ಕಾರ ನಡೆದ ತಾರೀಖು, ಸ್ಥಳ, ನಡೆದ ವಿಧಾನ ಇಷ್ಟೂ ಅದರಲ್ಲಿರಬೇಕು. ಕೊಟ್ಟ ದಿನದಿಂದ ಇಪ್ಪತ್ತೊಂದು ದಿನದೊಳಗೆ ಅವನೇ ಖುದ್ದಾಗಿ ಹಾಜರಾಗಿ ಗುರುತು ತೋರಿಸಿ, ಬರೆದದ್ದು ನಿಜವೆಂದು ಹೇಳಬೇಕು. ನಾವು ಜೂನ್ 23ಕ್ಕೆ ಕೊಟ್ಟೆವು, ಜುಲೈ 3ಕ್ಕೆ ಹಾಜರು. ಮಳೆಯ ಭಯಕ್ಕೆ ಹಿಂದಿನ ದಿನವೇ ಕಾರವಾರಕ್ಕೆ ಬಂದು ಉಳಿದ. ಮತ್ತೆ ಫಲಕ, ಮತ್ತೆ ಕಾಯುವಿಕೆ. ಈ ಸಲ ಯಾರೂ ಆಕ್ಷೇಪಿಸಲಿಲ್ಲ. ಆಗಸ್ಟಿನಲ್ಲಿ ದೃಢೀಕೃತ ಪ್ರತಿ ಬಂತು. ಚರ್ಚಿನ ಜ್ಞಾನಸ್ನಾನ ಪತ್ರ ಸಭೆಯೊಳಗಿನ ದಾಖಲೆ, ಸರ್ಕಾರಿ ಕೆಲಸಕ್ಕೆ ಈ ಪ್ರತಿ ಬೇಕು. ಐದು ಪ್ರತಿ ಜೆರಾಕ್ಸ್ ಮಾಡಿಸಿ ಬೇರೆ ಬೇರೆ ಕಡೆ ಇಡಿ.

ಖರ್ಚು: ಇ-ಸ್ಟ್ಯಾಂಪ್, ನೋಟರಿ, ಟೈಪಿಂಗ್, ಫೋಟೋ, ಅಂಚೆ, ಅವನ ಬಸ್ಸು ಎಲ್ಲ ಸೇರಿ ಐದು ಸಾವಿರದೊಳಗೆ. ವಕೀಲೆ ಶುಲ್ಕ ತೆಗೆದುಕೊಳ್ಳಲಿಲ್ಲ.

ಹೆಸರಿನ ಬಗ್ಗೆ ಎಲ್ಲರೂ ಕೇಳುತ್ತಾರೆ. ಬದಲಿಸಬೇಕಾಗಿಲ್ಲ. ಕ್ರೈಸ್ತ ಭಾವನೆಗೆ ಹೊರತಾದ ಹೆಸರು ಬೇಡ ಎಂದಷ್ಟೇ ಸಭೆಯ ನಿಯಮ. ಯೂಸುಫ್, ದಾವೂದ್, ಇಬ್ರಾಹೀಮ್, ಮರ್ಯಮ್ ಇವೆಲ್ಲ ಬೈಬಲಿನ ಹೆಸರುಗಳೇ. ಸರ್ಕಾರಿ ದಾಖಲೆಯಲ್ಲಿ ಬದಲಿಸಲು ಹೊರಟರೆ ಪ್ರಮಾಣಪತ್ರ, ಪತ್ರಿಕಾ ಪ್ರಕಟಣೆ, ಗೆಜೆಟ್, ಆಧಾರ್, ಪ್ಯಾನ್, ಬ್ಯಾಂಕ್ ಎಂದು ಇನ್ನೊಂದು ವರ್ಷ. ಆಧಾರ್‌ನಲ್ಲಿ ಹೆಸರು ತಿದ್ದಲು ಜೀವಮಾನದಲ್ಲಿ ಎರಡೇ ಅವಕಾಶ. ಅವನು ತಂದೆ ಇಟ್ಟ ಹೆಸರನ್ನೇ ಉಳಿಸಿಕೊಂಡ.

ಮೀಸಲಾತಿಯಲ್ಲಿ ಎಚ್ಚರ ಬೇಕು. ಮುಸ್ಲಿಮರಾಗಿ ಪಡೆದ 2ಬಿ (ರಾಜ್ಯದ ಹಿಂದುಳಿದ ವರ್ಗದ ಒಂದು ವಿಭಾಗ) ಪ್ರಮಾಣಪತ್ರವನ್ನು ಮತಾಂತರದ ನಂತರ ಬಳಸಬಾರದು. ಕ್ರೈಸ್ತರು ರಾಜ್ಯದ ಪಟ್ಟಿಯಲ್ಲಿ 3ಬಿ ಯಲ್ಲಿದ್ದಾರೆ, ಆದರೆ ಮತಾಂತರಗೊಂಡವರಿಗೆ ಅದು ತಾನಾಗಿಯೇ ಸಿಗುತ್ತದೆಂದು ಎಣಿಸಬೇಡಿ, ತಹಶೀಲ್ದಾರರಲ್ಲಿ ಲಿಖಿತವಾಗಿ ಕೇಳಿ. ನಮ್ಮ ಜಿಲ್ಲೆಯ ಸಿದ್ದಿ ಸಮುದಾಯದ್ದು ಬೇರೆ ಲೆಕ್ಕ. ಹಳಿಯಾಳ, ಯಲ್ಲಾಪುರ, ಮುಂಡಗೋಡದ ಸಿದ್ದಿಗಳಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಇದ್ದಾರೆ. 2003ರಿಂದ ಅವರು ಪರಿಶಿಷ್ಟ ಪಂಗಡ, ಆ ಸ್ಥಾನಕ್ಕೆ ಧರ್ಮದ ಷರತ್ತಿಲ್ಲ. ಆದರೆ ಕಾಯ್ದೆಯ ಹೆಚ್ಚಿನ ಶಿಕ್ಷೆಯ ಕಲಂ ಅವರಿಗೆ ಸಂಬಂಧಿಸುತ್ತದೆ ಎಂಬುದನ್ನು ನೆನಪಿಡಿ.

ಆಸ್ತಿಯ ವಿಷಯದಲ್ಲಿ 1850ರ ಜಾತಿ ಅನರ್ಹತೆ ನಿವಾರಣಾ ಕಾಯ್ದೆ ಆಸರೆಯಾಗಿತ್ತು, ಈಗಿನ ಸ್ಥಿತಿಯನ್ನು ವಕೀಲರಲ್ಲಿ ಕೇಳಿಕೊಳ್ಳಿ. ಧರ್ಮ ಬಿಟ್ಟ ಕಾರಣಕ್ಕೆ ತಂದೆಯ ಆಸ್ತಿಯ ಹಕ್ಕು ಹೋಗುವುದಿಲ್ಲ ಎಂಬುದು ಅದರ ಸಾರ. ಅವನ ನಂತರದ ಉತ್ತರಾಧಿಕಾರ ಮಾತ್ರ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಂತೆ. ಮದುವೆಯಾದ ಮಹಿಳೆ ಇಸ್ಲಾಂ ಬಿಟ್ಟರೆ ಅಷ್ಟರಿಂದಲೇ ಮದುವೆ ಮುರಿಯುವುದಿಲ್ಲ ಎಂದು 1939ರ ಮುಸ್ಲಿಂ ವಿವಾಹ ವಿಸರ್ಜನಾ ಕಾಯ್ದೆಯ 4ನೇ ಕಲಂ ಹೇಳುತ್ತದೆ. ಗಂಡಸಿನ ವಿಷಯದಲ್ಲಿ ಹಾಗಿಲ್ಲ, ಹೆಂಡತಿಯ ಹಕ್ಕು, ಮೆಹರ್, ಮಕ್ಕಳ ಪಾಲನೆ ಎಲ್ಲವನ್ನೂ ಮೊದಲೇ ಕುಳಿತು ಇತ್ಯರ್ಥ ಮಾಡದೆ ನಮೂನೆ ಮುಟ್ಟಬೇಡಿ. ಇನ್ನೊಂದು, ಹೇಳಲು ಕಷ್ಟವಾದರೂ: ಮಣ್ಣು ಎಲ್ಲಿ ಎಂದು ಅವರಿಂದಲೇ ಬರೆಸಿಕೊಳ್ಳಿ. ಜಮಾತಿನ ಖಬರಸ್ತಾನವೋ ಚರ್ಚಿನ ಸಿಮಿತ್ರಿಯೋ ಎಂಬ ಜಗಳ ಶವದ ಮುಂದೆ ನಡೆಯಬಾರದು.

ಈಗ ಧರ್ಮಕೇಂದ್ರದವರಿಗೆ. ಸ್ನಾನಕ್ಕೆ ಮೊದಲು ಹತ್ತು ಜನ ಸುತ್ತ ಇರುತ್ತಾರೆ, ಆಮೇಲೆ ಮೂರನೇ ತಿಂಗಳಿಗೆ ಯಾರೂ ಇರುವುದಿಲ್ಲ. ಆ ಮೂರನೇ ತಿಂಗಳಲ್ಲೇ ಒಂಟಿತನ ಹಿಡಿಯುವುದು. ಭಾನುವಾರ ಒಂದೊಂದು ಮನೆ ಊಟಕ್ಕೆ ಕರೆಯಲಿ. ಹಾಗೆ ಕರೆದಾಗ ತಟ್ಟೆಗೆ ಹಂದಿಮಾಂಸ ಹಾಕಿ ‘ಈಗ ತಿನ್ನಬಹುದಲ್ಲ’ ಎಂದು ನಗಬೇಡಿ. ಮದುವೆಯ ಹಿಂದಿನ ದಿನದ ರೋಸಿನ ಮನೆಯಲ್ಲಿ ಗ್ಲಾಸು ಹಿಡಿಸಬೇಡಿ. ವಿಶ್ವಾಸಕ್ಕೂ ಅದಕ್ಕೂ ಸಂಬಂಧವಿಲ್ಲ. ತಾಯಿಯ ಮನೆಯಲ್ಲಿ ಅವನು ಮತ್ತೆ ಊಟಕ್ಕೆ ಕೂರಬೇಕು, ಆ ಬಾಗಿಲು ಮುಚ್ಚುವಂಥದ್ದೇನೂ ನಮ್ಮಿಂದ ಆಗಬಾರದು. ಸಾಕ್ಷಿ ಹೇಳು ಎಂದು ಪ್ರಾರ್ಥನಾಕೂಟಗಳ ವೇದಿಕೆಗೆ ಹತ್ತಿಸುವವರಿಂದ ಅವನನ್ನು ಕಾಯಿರಿ. ಕೆಲಸವನ್ನು ಚರ್ಚಿನ ಸಂಸ್ಥೆಯಲ್ಲಿ ಕೊಡಿಸಬೇಡಿ, ಆಮಿಷದ ಮಾತು ತಿರುಗಿ ಬರುತ್ತದೆ. ನಾವು ಅರ್ಜಿ ಬರೆಯಲು, ಸಂದರ್ಶನಕ್ಕೆ ತಯಾರಾಗಲು ನೆರವಾದೆವು, ಅದೂ ನಮೂನೆ 3 ಮುಗಿದ ಮೇಲೆ. ಈಗ ಕುಮಟಾದ ಕಡೆ ಒಂದು ಕಡೆ ದುಡಿಯುತ್ತಿದ್ದಾನೆ.

ಪ್ರತಿ ಕೈಗೆ ಬಂದ ದಿನ ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಅಂಗಿಯೊಳಗೆ ಇಟ್ಟುಕೊಂಡ, ಮಳೆ ಬರುತ್ತಿತ್ತು. ಬಸ್‌ಸ್ಟ್ಯಾಂಡಿನ ಮೆಡಿಕಲ್ ಅಂಗಡಿಯಲ್ಲಿ ತಾಯಿಯ ಸಕ್ಕರೆ ಕಾಯಿಲೆಯ ಮಾತ್ರೆ ಒಂದು ತಿಂಗಳಿಗಾಗುವಷ್ಟು ಕೊಂಡ. ಅಣ್ಣ ಇನ್ನೂ ಮಾತಾಡುವುದಿಲ್ಲ. ‘ಅಮ್ಮಿ ಫೋನ್ ಮಾಡಿದ್ರು, ಈ ಶುಕ್ರವಾರ ಊಟಕ್ಕೆ ಬಾ ಅಂದ್ರು’ ಎಂದು ಹೇಳಿ ಶಿರಸಿ ಬಸ್ಸು ಹತ್ತಿದ.